ಗಣಕದ ಕಿಟಕಿಯಲ್ಲಿ ಕನ್ನಡದ ಅಕ್ಷರ

‘ಹರಪನಹಳ್ಳಿ’ ಎಂಬ ಹೆಸರಿನ ಉದ್ದವೆಷ್ಟು? ಮೂರನೆಯ ತರಗತಿಯ ಹುಡುಗನನ್ನು ಕೇಳಿದರೆ ಬೆರಳು ಮಡಿಚಿ ಎಣಿಸಿ ‘ಆರು’ ಎನ್ನುವನು. ಅದೇ ಪ್ರಶ್ನೆಯನ್ನು ‘ಸಿ’ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಮೂಲಕ ಗಣಕಕ್ಕೆ ಹಾಕಿದರೆ, ಕೇಳುವ ಬಗೆಯನ್ನನುಸರಿಸಿ ಅದು ಒಮ್ಮೆ 27 ಎನ್ನುತ್ತದೆ, ಒಮ್ಮೆ 9 ಎನ್ನುತ್ತದೆ, ಮತ್ತೊಮ್ಮೆ 7 ಎನ್ನುತ್ತದೆ. ಈ ನಾಲ್ಕು ಉತ್ತರಗಳಲ್ಲಿ ಒಂದೂ ತಪ್ಪಲ್ಲ. ಭೌತಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ತೋರಬೇಕಾಗಿಲ್ಲ. ಒಂದು ಕೋಲನ್ನು ಅಂಗುಲದಲ್ಲಿ ಅಳೆದರೆ ಒಂದು ಸಂಖ್ಯೆ, ಸೆಂಟಿಮೀಟರಿನಲ್ಲಿ ಅಳೆದರೆ ಇನ್ನೊಂದು; ಕೋಲು ಮಾತ್ರ ಅದೇ. ಮಾನವನ್ನು ಹೇಳದೆ ಸಂಖ್ಯೆಯನ್ನಷ್ಟೇ ಬರೆದ ವಿದ್ಯಾರ್ಥಿಗೆ ಪರೀಕ್ಷಕರು ಅಂಕ ಕಳೆಯುತ್ತಾರೆ. ಗಣಕದ ಟರ್ಮಿನಲ್ ಕಿಟಕಿಯಲ್ಲಿ ಕನ್ನಡವನ್ನು ಮೂಡಿಸಹೊರಟವನು ಪಡುವ ಪಾಡಿನಲ್ಲಿ ಮುಕ್ಕಾಲು ಪಾಲು ಹೀಗೆ ಮಾನವನ್ನು ಮರೆತುದರ ಫಲವೇ ಆಗಿರುತ್ತದೆ.

ಟರ್ಮಿನಲ್ ಎಂಬುದು ಮೊದಲು ಒಂದು ಯಂತ್ರವಾಗಿತ್ತು. ತಂತಿಯ ಇನ್ನೊಂದು ತುದಿಯಲ್ಲಿದ್ದ ಗಣಕವು ಸಂಖ್ಯೆಗಳನ್ನು ಒಂದೊಂದಾಗಿ ಕಳುಹಿಸುತ್ತಿತ್ತು; ಈ ತುದಿಯ ದೂರಮುದ್ರಕವು ಪ್ರತಿಯೊಂದು ಸಂಖ್ಯೆಗೂ ಒಂದು ಅಕ್ಷರವನ್ನು ಕಾಗದದ ಮೇಲೆ ಒತ್ತಿ ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಿತ್ತು. ಮುಂದೆ ಕಾಗದದ ಸ್ಥಾನಕ್ಕೆ ಗಾಜಿನ ತೆರೆ ಬಂದಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ‘ವಿಟಿ-100’ ಎಂಬ ಟರ್ಮಿನಲ್ಲಿನ ತೆರೆಯು ಸಾಲಿಗೆ 80 ಮನೆಗಳಂತೆ 24 ಸಾಲುಗಳಿದ್ದ ಒಂದು ಚೌಕಳಿ. ಒಂದು ಮನೆಗೆ ಒಂದು ಅಕ್ಷರ, ಎಲ್ಲ ಮನೆಗಳೂ ಒಂದೇ ಅಗಲ. ಇಂದು ನಮ್ಮ ಗಣಕಗಳಲ್ಲಿ ತೆರೆದುಕೊಳ್ಳುವ ಕಪ್ಪು ಕಿಟಕಿಯು ಆ ಯಂತ್ರದ ವೇಷ ಹಾಕಿದ ಒಂದು ಪ್ರೋಗ್ರಾಮು. ಚೌಕಳಿಯನ್ನೂ ಒಂದು ಮನೆಗೆ ಒಂದು ಅಕ್ಷರವೆಂಬ ಕಟ್ಟಳೆಯನ್ನೂ ಅದು ಹಾಗೆಯೇ ಉಳಿಸಿಕೊಂಡಿದೆ.

ಇಂಗ್ಲಿಷಿಗೆ ಈ ಕಟ್ಟಳೆ ಹೇಳಿಮಾಡಿಸಿದಂತಿತ್ತು. 1963ರಲ್ಲಿ ಗೊತ್ತುಪಡಿಸಿದ ‘ಆಸ್ಕಿ’ ಎಂಬ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಅಕ್ಷರ, ಅಂಕಿ, ವಿರಾಮಚಿಹ್ನೆಗಳೆಲ್ಲವೂ ಅವುಗಳಲ್ಲಿ ಅಡಕವಾದವು. ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ‘ಸಿ’ ಭಾಷೆಯಲ್ಲಿ ಅಕ್ಷರವೆಂದರೆ ಒಂದು ಬೈಟು. ಒಂದು ಬೈಟಿನಲ್ಲಿ ಹಿಡಿಸುವುದು 256 ಬೇರೆ ಬೇರೆ ಬೆಲೆಗಳು. ಬೈಟು, ಅಕ್ಷರ, ಮನೆ ಮೂರೂ ಒಂದೇ ಆಗಿದ್ದ ಆ ಕಾಲದಲ್ಲಿ ಉದ್ದಕ್ಕೆ ಮಾನವನ್ನು ಹೇಳುವ ಪ್ರಸಂಗವೇ ಬರಲಿಲ್ಲ.

ಕನ್ನಡಕ್ಕೆ ಈ ಅಂಗಿ ಹಿಡಿಸದು. ಮೂವತ್ತಕ್ಕೆ ಮೀರಿದ ವ್ಯಂಜನಗಳು, ಅವುಗಳಿಗೆ ಕಾಗುಣಿತ, ಮೇಲೆ ಒತ್ತು. ಎಲ್ಲ ಜೋಡಣೆಗಳಿಗೂ ಒಂದೊಂದು ಸಂಖ್ಯೆ ಕೊಡಹೊರಟರೆ ಸಾವಿರಗಳು ಸಾಲವು. ಐ.ಐ.ಟಿ. ಕಾನ್ಪುರದಲ್ಲಿ ಮೊದಲಾಗಿ ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ‘ಜಿಸ್ಟ್’ ಕಾರ್ಯದ ಹಿಂದಿದ್ದ ಆಲೋಚನೆ ಸರಳವೂ ಘನವೂ ಆದುದು: ರೂಪಕ್ಕೆ ಸಂಖ್ಯೆ ಕೊಡಬೇಡ, ಉಚ್ಚಾರಣೆಯ ಘಟಕಕ್ಕೆ ಕೊಡು, ರೂಪವನ್ನು ತೆರೆಯ ಬಳಿ ಕಟ್ಟಿಕೊಳ್ಳಬಹುದು. ಭಾರತೀಯ ಲಿಪಿಗಳೆಲ್ಲಕ್ಕೂ ಸಾಮಾನ್ಯವಾದ ‘ಇಸ್ಕಿ’ ಎಂಬ ಸಂಕೇತಪದ್ಧತಿ ಹೀಗೆ ಹುಟ್ಟಿ, 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆಯಿತು. ಗಣಕದೊಳಗೆ ‘ಜಿಸ್ಟ್’ ಫಲಕವೊಂದನ್ನು ಸಿಕ್ಕಿಸಿದರೆ, ಇಂಗ್ಲಿಷನ್ನಷ್ಟೇ ಬಲ್ಲ ಡಾಸ್ ತೆರೆಯ ಮೇಲೆ ದೇವನಾಗರಿಯೂ ಕನ್ನಡವೂ ಮೂಡುತ್ತಿದ್ದವು. ಕನ್ನಡ ಟರ್ಮಿನಲ್ಲಿನ ಮೊದಲ ಅಧ್ಯಾಯವೆಂದು ಇದನ್ನೇ ಕರೆಯಬೇಕು.

ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೇ ಪಟ್ಟಿಯೆಂಬ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗ ಭಾರತೀಯ ಲಿಪಿಗಳ ವಿನ್ಯಾಸವನ್ನು 1988ರ ಇಸ್ಕಿಯಿಂದಲೇ ತೆಗೆದುಕೊಂಡರು. ಕನ್ನಡಕ್ಕೆ ದೊರೆತ ಕೇರಿ 3200ರಿಂದ 3327ರವರೆಗಿನ 128 ಸ್ಥಾನಗಳು. ದೇವನಾಗರಿಯ ಕೇರಿ 2304ರಲ್ಲಿ ಆರಂಭವಾಗುತ್ತದೆ. ಇಸ್ಕಿಯ ಸಾಮಾನ್ಯ ಕ್ರಮ ಎರಡರಲ್ಲೂ ಉಳಿದುದರಿಂದ ದೇವನಾಗರಿಯ ‘ಕ’ಕಾರದ ಸಂಖ್ಯೆ 2325ಕ್ಕೆ 896ನ್ನು ಕೂಡಿಸಿದರೆ ಕನ್ನಡದ ‘ಕ’ಕಾರದ 3221 ಸಿಕ್ಕುತ್ತದೆ. ಬೇರೆ ಬಹುಪಾಲು ಅಕ್ಷರಗಳಿಗೂ ಇದೇ ಲೆಕ್ಕ ಸಲ್ಲುತ್ತದೆ.

ಇದರ ನಡುವೆ ಕನ್ನಡನಾಡಿನ ಮುದ್ರಣಾಲಯಗಳೂ ಕಚೇರಿಗಳೂ ಬೇರೊಂದು ದಾರಿಯಲ್ಲಿ ಬಹುಕಾಲ ನಡೆದವು. ನುಡಿ, ಬರಹಗಳ ಹಳೆಯ ಫಾಂಟುಗಳು ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿ ಕೆಲಸ ಸಾಧಿಸಿದವು. ಕಾಗದದ ಮೇಲೆ ಅಚ್ಚುಕಟ್ಟಾಗಿ ಬರುತ್ತಿತ್ತು. ಗಣಕಕ್ಕೆ ಮಾತ್ರ ತಾನು ಕನ್ನಡ ಬರೆಯುತ್ತಿರುವೆನೆಂಬ ಅರಿವೇ ಇರಲಿಲ್ಲ. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು, ಟರ್ಮಿನಲ್ಲಿಗೆ ಕಳುಹಿಸುವುದು ಯಾವುದೂ ಅದರಿಂದ ಆಗದು. ಅದು ಆ ಹೊತ್ತಿನ ಅಗತ್ಯವಾಗಿತ್ತೆಂದು ಒಪ್ಪಬಹುದು. ಆದರೂ ಅಗತ್ಯ ತೀರಿದ ಮೇಲೆ ಅದನ್ನು ಹಿಡಿದು ಕುಳಿತುದು ನಮಗೆ ದುಬಾರಿಯಾಯಿತೆಂದೇ ನನ್ನ ಅಭಿಪ್ರಾಯ.

ಈಗ ನಮ್ಮ ಊರಿನ ಹೆಸರನ್ನು ಬಿಡಿಸಿ ನೋಡೋಣ. ಯೂನಿಕೋಡಿನ ಲೆಕ್ಕದಲ್ಲಿ ಅದು ಹ, ರ, ಪ, ನ, ಹ, ಳ, ಹಲಂತ ಚಿಹ್ನೆ, ಮತ್ತೆ ಳ, ಕೊನೆಗೆ ಗುಡಿಸು. ಸಂಖ್ಯೆಗಳಲ್ಲಿ 3257, 3248, 3242, 3240, 3257, 3251, 3277, 3251, 3263. ಒಟ್ಟು ಒಂಬತ್ತು. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. ಹಲಂತದ ಮುಂದೆ ಬಂದ ವ್ಯಂಜನವೇ ಒತ್ತಾಗುತ್ತದೆ. 256ನ್ನು ಮೀರಿದ ಈ ಸಂಖ್ಯೆಗಳು ಒಂದು ಬೈಟಿನಲ್ಲಿ ಹಿಡಿಸವು. ಆದುದರಿಂದ ಸಿ ಭಾಷೆಗೆ ಶಾಸನ ಬರೆದವರು 1989ರಲ್ಲಿ ‘ಅಗಲ ಅಕ್ಷರ’ ಎಂಬ ದೊಡ್ಡ ಪೆಟ್ಟಿಗೆಯೊಂದನ್ನು ಸೇರಿಸಿದರು. ಅದರಲ್ಲಿ ಓದಲು, ಬರೆಯಲು, ಎಣಿಸಲು ಬೇಕಾದ ಸಲಕರಣೆಗಳು 1995ರ ತಿದ್ದುಪಡಿಯಲ್ಲಿ ಬಂದವು. ಬೈಟುಗಳಿಗೆ ‘ಪ್ರಿಂಟ್‌ಎಫ್’ ಇರುವಂತೆ ಅಗಲ ಅಕ್ಷರಗಳಿಗೆ ‘ಡಬ್ಲ್ಯುಪ್ರಿಂಟ್‌ಎಫ್’. ಬೈಟುಗಳನ್ನು ಎಣಿಸಲು ‘ಸ್ಟ್ರ್‌ಲೆನ್’ ಇರುವಂತೆ ಇಲ್ಲಿ ‘ಡಬ್ಲ್ಯುಸಿಎಸ್‌ಲೆನ್’. ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಯ ಮುಂಚೆ ‘ಎಲ್’ ಅಕ್ಷರವನ್ನು ಇಟ್ಟರೆ ಒಳಗಿನ ಮಾತು ಅಗಲ ಅಕ್ಷರಗಳಲ್ಲಿ ಶೇಖರವಾಗುತ್ತದೆ. ಲಿನಕ್ಸ್ ಗಣಕಗಳಲ್ಲಿ ಈ ಪೆಟ್ಟಿಗೆಯ ಅಗಲ ನಾಲ್ಕು ಬೈಟು.

ಆದರೆ ಗಣಕದಿಂದ ಟರ್ಮಿನಲ್ಲಿಗೆ ಹೋಗುವ ಕಾಲುವೆಯಲ್ಲಿ ಹರಿಯುವುದು ಇಂದಿಗೂ ಬೈಟುಗಳೇ. ಅಗಲ ಅಕ್ಷರವನ್ನು ಬೈಟುಗಳಾಗಿ ಒಡೆದು ಕಳುಹಿಸಿ ಆಚೆ ದಡದಲ್ಲಿ ಮತ್ತೆ ಕೂಡಿಸಬೇಕು. ಇದಕ್ಕೆ ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ‘ಯುಟಿಎಫ್-8’ ಎಂಬ ಕ್ರಮವನ್ನು ಕೆನ್ ಥಾಂಪ್‌ಸನ್ನರು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ಮಿತ್ರ ರಾಬ್ ಪೈಕರೊಡನೆ ಊಟಕ್ಕೆ ಕುಳಿತಿದ್ದಾಗ, ತಟ್ಟೆಯ ಕೆಳಗೆ ಹಾಸಿದ್ದ ಕಾಗದದ ಮೇಲೆ ರೂಪಿಸಿದರು. ಆಸ್ಕಿಯ 128 ಚಿಹ್ನೆಗಳಿಗೆ ಮೊದಲಿನಂತೆ ಒಂದೇ ಬೈಟು. ಕನ್ನಡದ ಸಂಖ್ಯೆಗಳಿಗೆ ಮೂರು. ಲೆಕ್ಕವನ್ನು ಕೈಯಲ್ಲಿಯೇ ಮಾಡಿ ನೋಡಬಹುದು. ‘ಹ’ಕಾರದ 3257ನ್ನು 64ರಿಂದ ಭಾಗಿಸಿರಿ: ಭಾಗಲಬ್ಧ 50, ಶೇಷ 57. ಇವೆರಡಕ್ಕೂ 128ನ್ನು ಕೂಡಿಸಿದರೆ 178 ಮತ್ತು 185. ಇವುಗಳ ಮುಂದೆ, ‘ಇದು ಮೂರು ಬೈಟುಗಳ ಗುಂಪು’ ಎಂದು ಸಾರುವ 224ನ್ನು ಇಟ್ಟರೆ 224, 178, 185 ಎಂಬ ಮೂರು ಬೈಟುಗಳು ಸಿದ್ಧವಾದವು. ಹಲಂತ ಚಿಹ್ನೆಯ 3277ಕ್ಕೆ ಇದೇ ರೀತಿ 224, 179, 141. ಕನ್ನಡದ ಕೇರಿ 3200ರಲ್ಲಿ, ಅಂದರೆ ಸರಿಯಾಗಿ 50 ಸಲ 64ರಲ್ಲಿ ಆರಂಭವಾಗುವುದರಿಂದ ಅದರ ಮೊದಲರ್ಧಕ್ಕೆಲ್ಲ ನಡುವಿನ ಬೈಟು 178, ಉತ್ತರಾರ್ಧಕ್ಕೆಲ್ಲ 179. ಒಂಬತ್ತು ಸಂಖ್ಯೆಗಳಿಗೆ ಮೂರರಂತೆ 27 ಬೈಟು. ಮೊದಲು ಹೇಳಿದ 27, 9, 6 ಈಗ ಅರ್ಥವಾದವು. 7ರ ಕಥೆ ಮುಂದೆ ಬರುತ್ತದೆ.

ವಿದ್ಯಾರ್ಥಿಯು ಇಷ್ಟನ್ನು ಓದಿ ಉತ್ಸಾಹದಿಂದ ಡಬ್ಲ್ಯುಪ್ರಿಂಟ್‌ಎಫ್ ಬಳಸಿ ಊರಿನ ಹೆಸರನ್ನು ಕಳುಹಿಸುತ್ತಾನೆಂದುಕೊಳ್ಳಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಿಟಕಿಯಲ್ಲಿ ಮೂಡುವುದು ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಲವರು ಇಲ್ಲಿಯೇ ಫಾಂಟಿಲ್ಲವೆಂದು ಬಗೆದು ಬೇಡದ ಕಡೆ ಹುಡುಕತೊಡಗುತ್ತಾರೆ. ಚಿಹ್ನೆಗಳನ್ನು ಎಣಿಸಿದರೆ ರೋಗ ಎಲ್ಲಿದೆಯೆಂಬುದು ತಿಳಿಯುತ್ತದೆ. ಕೆಟ್ಟದ್ದು ಟರ್ಮಿನಲ್ಲಿನಲ್ಲಿಯಾಗಿದ್ದರೆ, 27 ಬೈಟುಗಳು ತಲಪಿದ ಮೇಲೆ ಕೆಡಬೇಕಾಗಿತ್ತು. ಒಂಬತ್ತೇ ಬಂದುವೆಂದರೆ ಅಗಲ ಅಕ್ಷರಗಳು ಬೈಟುಗಳಾಗುವ ಮುನ್ನವೇ, ಪ್ರೋಗ್ರಾಮಿನೊಳಗೇ ಕೆಟ್ಟಿವೆ.

ಕಾರಣವಿಷ್ಟೆ. ಸಿ ಭಾಷೆಯ ಪ್ರತಿಯೊಂದು ಪ್ರೋಗ್ರಾಮೂ ಹುಟ್ಟುವಾಗ ಬಳಕೆದಾರನ ದೇಶಭಾಷೆಗಳನ್ನು ಅರಿಯದೆ, ‘ಸಿ’ ಎಂಬ ಹೆಸರಿನದೇ ಆದ ಒಂದು ಬರಡು ಪರಿಸರದಲ್ಲಿ ಹುಟ್ಟುತ್ತದೆ. ಅಲ್ಲಿ ಆಸ್ಕಿಯ ಹೊರಗಿನ ಸಂಖ್ಯೆಗಳನ್ನು ಹೇಗೆ ಒಡೆಯಬೇಕೆಂಬುದಕ್ಕೆ ನಿಯಮವಿಲ್ಲ. ಆದುದರಿಂದ ಪ್ರತಿಯೊಂದಕ್ಕೂ ಬದಲಾಗಿ ಪ್ರಶ್ನೆಯ ಚಿಹ್ನೆ ಹೊರಬೀಳುತ್ತದೆ. ಬಳಕೆದಾರನ ಪರಿಸರವನ್ನು ಒಪ್ಪಿಕೊಳ್ಳೆಂದು ಆರಂಭದಲ್ಲಿಯೇ ‘ಸೆಟ್‌ಲೊಕೇಲ್’ ಎಂಬ ಒಂದು ಕರೆಯನ್ನು, ಎರಡನೆಯ ಸ್ಥಾನದಲ್ಲಿ ಖಾಲಿ ಉದ್ಧರಣವನ್ನು ಕೊಟ್ಟು, ಬರೆಯಬೇಕು. ಒಂದು ಸಾಲು, ಪ್ರಶ್ನಾರ್ಥಕಗಳು ಮಾಯವಾಗಿ ಕನ್ನಡ ಬರುತ್ತದೆ. ಇದಕ್ಕೆ ಗಣಕದ ಪರಿಸರವು ಕನ್ನಡದ್ದೇ ಆಗಿರಬೇಕೆಂದಿಲ್ಲ. ಭಾರತೀಯ ಇಂಗ್ಲಿಷಿನದಾದರೂ ಸಾಕು, ಸಂಕೇತಕ್ರಮ ಯುಟಿಎಫ್-8 ಆಗಿದ್ದರೆ ಆಯಿತು. ಕನ್ನಡದ ಪರಿಸರವನ್ನೇ ಆರಿಸಿಕೊಂಡರೆ ಒಂದು ಸೊಗಸುಂಟು: ದಿನಾಂಕವನ್ನು ಮುದ್ರಿಸುವ ಕ್ರಿಯೆಗಳು ತಿಂಗಳ ಹೆಸರನ್ನು ಕನ್ನಡದಲ್ಲಿ ಹೇಳತೊಡಗುತ್ತವೆ.

ಇನ್ನೊಂದು ಹೊಂಡ ಇದಕ್ಕಿಂತ ಗುಪ್ತವಾದುದು. ಹೊರಹರಿವಿನ ಕಾಲುವೆಯು ತನ್ನ ಮೊದಲ ಬಳಕೆಯಲ್ಲಿಯೇ ತಾನು ಬೈಟಿನದೋ ಅಗಲ ಅಕ್ಷರದ್ದೋ ಎಂಬುದನ್ನು ನಿಶ್ಚಯಿಸಿಕೊಳ್ಳುತ್ತದೆ, ಆಮೇಲೆ ಬದಲಾಗದು. ಮೊದಲು ಡಬ್ಲ್ಯುಪ್ರಿಂಟ್‌ಎಫ್‌ನಿಂದ ಹೆಸರನ್ನು ಬರೆದು, ಬಳಿಕ ಅಭ್ಯಾಸಬಲದಿಂದ ಪ್ರಿಂಟ್‌ಎಫ್‌ನಿಂದ ಅಂಕಗಳನ್ನು ಬರೆದರೆ, ಲಿನಕ್ಸಿನಲ್ಲಿ ಆ ಅಂಕಗಳು ಎಲ್ಲಿಯೂ ಕಾಣಿಸವು. ದೂರಿಲ್ಲ, ಎಚ್ಚರಿಕೆಯಿಲ್ಲ, ಕ್ರಿಯೆಯು ಹಿಂದಿರುಗಿಸುವ ಋಣಸಂಖ್ಯೆಯನ್ನು ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ, ಅದನ್ನು ನೋಡುವವರು ಬಹಳ ವಿರಳ.

ಇಷ್ಟೆಲ್ಲ ತೊಡಕಿದ್ದರೆ ಅಗಲ ಅಕ್ಷರದ ಹಂಗೇ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರಿದೆ ಮೂಡಿಸುವುದಷ್ಟೇ ಕೆಲಸವಾದರೆ ಬೈಟುಗಳನ್ನು ಬೈಟುಗಳಾಗಿಯೇ ಪ್ರಿಂಟ್‌ಎಫ್‌ಗೆ ಒಪ್ಪಿಸಿರಿ. ಅದು ಅವುಗಳ ಗೋಜಿಗೆ ಹೋಗದೆ ದಾಟಿಸಿಬಿಡುತ್ತದೆ, ಯುಟಿಎಫ್-8 ಬಲ್ಲ ಟರ್ಮಿನಲ್ ಸರಿಯಾಗಿಯೇ ತೋರಿಸುತ್ತದೆ. ಎಣಿಸುವ, ಕತ್ತರಿಸುವ, ಅಕ್ಷರದ ಜಾತಿಯನ್ನು ಪರೀಕ್ಷಿಸುವ ಸಂದರ್ಭ ಬಂದಾಗಲೇ ಅಗಲ ಅಕ್ಷರ ಬೇಕಾಗುವುದು.

ಕತ್ತರಿಸುವುದನ್ನೇ ತೆಗೆದುಕೊಳ್ಳಿ. ಪಟ್ಟಿಯ ಹೆಸರಿನ ಕಂಬಕ್ಕೆ 20 ಎಂದು ಮಿತಿ ಹಾಕಿ ಬೈಟುಗಳಲ್ಲಿ ಕತ್ತರಿಸಿದರೆ ನಮ್ಮ ಊರಿನ ಹೆಸರಿನ ಮೊದಲ ಆರು ಸಂಖ್ಯೆಗಳಿಗೆ 18 ಬೈಟು ಖರ್ಚಾಗಿ, ಏಳನೆಯದಾದ ಹಲಂತದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿಯುತ್ತವೆ. ಕಿಟಕಿಯಲ್ಲಿ ‘ಹರಪನಹಳ’ ಎಂದು ಮೂಡಿ ಪಕ್ಕದಲ್ಲಿ ಗುರುತಿಲ್ಲದ ಬೈಟಿಗೆ ಹಾಕುವ ಕಲೆಯೊಂದು ಕಾಣಿಸುತ್ತದೆ. ಅಗಲ ಅಕ್ಷರಗಳಲ್ಲಿ ಕತ್ತರಿಸಿದರೆ ಕಲೆಯೇನೋ ಬರುವುದಿಲ್ಲ. ಆದರೆ ಎಂಟಕ್ಕೆ ನಿಲ್ಲಿಸಿದರೆ ಕೊನೆಯ ಗುಡಿಸು ಬಿದ್ದುಹೋಗಿ ಹಳ್ಳಿಯು ಹಳ್ಳವಾಗುತ್ತದೆ! ಊರಿನ ಹೆಸರಾದರೆ ನಕ್ಕು ಸುಮ್ಮನಿರಬಹುದು. ಅಂಕಪಟ್ಟಿಯಲ್ಲಿ, ಪಹಣಿಯಲ್ಲಿ ಮನುಷ್ಯನ ಹೆಸರು ಹೀಗಾದರೆ ಅವನು ತಾನೇ ತಾನೆಂದು ರುಜುವಾತು ಮಾಡಲು ಅಲೆಯಬೇಕಾಗುತ್ತದೆ. ಎರಡನೆಯ ತಪ್ಪು ಹೆಚ್ಚು ಅಪಾಯಕರವಾದುದು, ಏಕೆಂದರೆ ಅದು ನೋಡಲು ತಪ್ಪಿನಂತಿಲ್ಲ.

ಹಾಗಾದರೆ ಆರು ಅಕ್ಷರವೆಂಬ ಹುಡುಗನ ಎಣಿಕೆಯನ್ನು ಗಣಕಕ್ಕೆ ಕಲಿಸುವುದೆಂತು? ಸಿ ಭಾಷೆಯ ಗ್ರಂಥಭಂಡಾರದಲ್ಲಿ ಇದಕ್ಕೆ ಸಿದ್ಧವಾದ ಕ್ರಿಯೆ ಇಲ್ಲ. ಆದರೆ ನಿಯಮ ಸುಲಭ: 3205ರಿಂದ 3257ರವರೆಗಿನ ಸ್ವರ ಅಥವಾ ವ್ಯಂಜನವೊಂದು ಬಂದಾಗ, ಅದರ ಹಿಂದೆಯೇ 3277 ಇಲ್ಲದಿದ್ದರೆ, ಒಂದು ಎಣಿಸು. ನಮ್ಮ ಹೆಸರಿನಲ್ಲಿ ಏಳು ವ್ಯಂಜನಗಳಿವೆ, ಒಂದರ ಹಿಂದೆ ಹಲಂತವಿದೆ, ಉಳಿದುದು ಆರು. ಎಲ್ಲಿಯೇ ಕತ್ತರಿಸಿದರೂ ಈ ಎಣಿಕೆಯ ಗಡಿಯಲ್ಲಿಯೇ ಕತ್ತರಿಸಬೇಕು.

ಇನ್ನು ಉಳಿದುದು 7. ಇದು ಮನೆಗಳ ಲೆಕ್ಕ. ಕೈಬೆರಳಚ್ಚಿನ ಯಂತ್ರದಲ್ಲಿ ಕೆಲವು ಕೀಲಿಗಳನ್ನು ಒತ್ತಿದರೆ ಗುರುತು ಬೀಳುತ್ತಿತ್ತು, ಬಂಡಿ ಮಾತ್ರ ಸರಿಯುತ್ತಿರಲಿಲ್ಲ. ಟರ್ಮಿನಲ್ಲಿನಲ್ಲಿಯೂ ಹಾಗೆ ಸರಿಯದ ಚಿಹ್ನೆಗಳಿವೆ. ಯೂನಿಕೋಡು ಕನ್ನಡದ ಕಾಗುಣಿತ ಚಿಹ್ನೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ: ವ್ಯಂಜನದ ತಲೆಯ ಮೇಲೆ ಕುಳಿತು ಜಾಗ ಕೇಳದ ಗುಡಿಸು, ಎತ್ವ, ಹಲಂತ ಮುಂತಾದವು ಒಂದು, ಬಲಕ್ಕೆ ಚಾಚಿ ಜಾಗ ಬೇಡುವ ಕೊಂಬು, ಇಳಿ ಮುಂತಾದವು ಇನ್ನೊಂದು. ‘ಡಬ್ಲ್ಯುಸಿವಿಡ್ತ್’ ಎಂಬ ಕ್ರಿಯೆಯು ಮೊದಲ ಬಗೆಗೆ ಸೊನ್ನೆ ಮನೆಯನ್ನೂ ಎರಡನೆಯದಕ್ಕೆ ಒಂದು ಮನೆಯನ್ನೂ ಹೇಳುತ್ತದೆ. ನಮ್ಮ ಹೆಸರಿನ ಹಲಂತಕ್ಕೂ ಗುಡಿಸಿಗೂ ಸೊನ್ನೆ. ಒಂಬತ್ತರಲ್ಲಿ ಎರಡು ಕಳೆದರೆ ಏಳು.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಅಂಕಿಗಳ ಕಂಬವೊಂದನ್ನು ನಿಲ್ಲಿಸುವ ಪ್ರಯೋಗವನ್ನು ಯಾರಾದರೂ ಮಾಡಿ ನೋಡಬಹುದು. ‘ಕೂಡ್ಲಿಗಿ’ಯಲ್ಲಿಯೂ ‘ಕೊಟ್ಟೂರು’ವಿನಲ್ಲಿಯೂ ಎಂಟೆಂಟು ಅಗಲ ಅಕ್ಷರಗಳು, ಎರಡರಲ್ಲಿಯೂ ನಾವು ಎಣಿಸುವ ಅಕ್ಷರ ಮೂರು, ಆದರೆ ಮೊದಲನೆಯದು ಹಿಡಿಯುವುದು ಐದು ಮನೆ, ಎರಡನೆಯದು ಏಳು. ‘ಹಡಗಲಿ’ಗೆ ನಾಲ್ಕು ಮನೆ, ‘ಹಗರಿಬೊಮ್ಮನಹಳ್ಳಿ’ಗೆ ಹನ್ನೊಂದು. ಡಬ್ಲ್ಯುಪ್ರಿಂಟ್‌ಎಫ್‌ಗೆ ‘20ರ ಅಗಲಕ್ಕೆ ತುಂಬು’ ಎಂದರೆ ಅದು ಅಗಲ ಅಕ್ಷರಗಳನ್ನು ಎಣಿಸಿ ಖಾಲಿ ಮನೆ ತುಂಬುತ್ತದೆಯೇ ಹೊರತು ಮನೆಗಳನ್ನು ಎಣಿಸುವುದಿಲ್ಲ. ಪರಿಣಾಮವಾಗಿ ಅಂಕಿಗಳಿಗೆ ಮುಂಚೆ ಕೂಡ್ಲಿಗಿಯ ಸಾಲಿನಲ್ಲಿ 17, ಕೊಟ್ಟೂರಿನಲ್ಲಿ 19, ಹಡಗಲಿಯಲ್ಲಿ 19, ಹರಪನಹಳ್ಳಿಯಲ್ಲಿ 18, ಹಗರಿಬೊಮ್ಮನಹಳ್ಳಿಯಲ್ಲಿ 16 ಮನೆಗಳಾಗಿ ಕಂಬವು ಸೊಟ್ಟಗಾಗುತ್ತದೆ. ಪ್ರತಿ ಸಾಲಿನ ಕೊರತೆಯೂ ಆ ಹೆಸರಿನಲ್ಲಿರುವ ಸೊನ್ನೆಮನೆಯ ಚಿಹ್ನೆಗಳ ಸಂಖ್ಯೆಗೆ ಸಮನಾಗಿರುವುದನ್ನು ಗಮನಿಸಿರಿ. ಬೈಟುಗಳನ್ನೆಣಿಸುವ ಪ್ರಿಂಟ್‌ಎಫ್‌ನಲ್ಲಿ ಅವಸ್ಥೆ ಇನ್ನೂ ಕೆಟ್ಟದ್ದು: 24 ಬೈಟುಗಳ ಕೂಡ್ಲಿಗಿಗೆ ಅದು ಒಂದು ಖಾಲಿ ಮನೆಯನ್ನೂ ಹಾಕದು. ಉಪಾಯವೇನೆಂದರೆ ತುಂಬುವ ಕೆಲಸವನ್ನು ಇಬ್ಬರಿಗೂ ಒಪ್ಪಿಸದೆ, ಇಡೀ ಹೆಸರಿನ ಮನೆಗಳನ್ನು ‘ಡಬ್ಲ್ಯುಸಿಎಸ್‌ವಿಡ್ತ್’ನಿಂದ ತಿಳಿದುಕೊಂಡು, 20ರಿಂದ ಕಳೆದು, ಉಳಿದಷ್ಟು ಖಾಲಿ ಮನೆಗಳನ್ನು ನಾವೇ ಬರೆಯುವುದು.

ಇಷ್ಟು ಮಾಡಿದ ಮೇಲೆಯೂ ಅಕ್ಷರದ ರೂಪ ನಮ್ಮ ಕೈಯಲ್ಲಿಲ್ಲ. ‘ಳ್ಳಿ’ಯನ್ನು ಬರೆಯುವಾಗ ನಾವು ಗುಡಿಸನ್ನು ಮೊದಲ ಳಕಾರಕ್ಕೆ ಕೊಟ್ಟು ಒತ್ತನ್ನು ಕೆಳಗೆ ಇಳಿಬಿಡುತ್ತೇವೆ. ಚೌಕಳಿಯ ಲೆಕ್ಕದಲ್ಲಿ ಇದಕ್ಕೆ ಸಿಕ್ಕಿರುವುದು ಎರಡು ಮನೆ: ಹಲಂತದೊಡನೆ ಒಂದು ಳ, ಗುಡಿಸಿನೊಡನೆ ಇನ್ನೊಂದು. ಪ್ರತಿ ಮನೆಯನ್ನೂ ಬೇರೆಯಾಗಿ ಚಿತ್ರಿಸುವ ಟರ್ಮಿನಲ್ ‘ಹರಪನಹಳ್‌ಳಿ’ ಎಂದು ಅಕ್ಷರವನ್ನು ಸೀಳಿಬಿಡುತ್ತದೆ. ನೆರೆಮನೆಗಳನ್ನು ಕೂಡಿಸಿ ಫಾಂಟಿನ ನಿಯಮಗಳನ್ನು ಅನ್ವಯಿಸುವ ಟರ್ಮಿನಲ್ಲುಗಳೂ ಇವೆ. ‘ಎಂಎಲ್‌ಟರ್ಮ್’ ಎಂಬುದು ಭಾರತೀಯ ಲಿಪಿಗಳನ್ನು ಲಕ್ಷ್ಯದಲ್ಲಿಟ್ಟುಕೊಂಡೇ ಬೆಳೆದುದು. ಪ್ರೋಗ್ರಾಮನ್ನು ದೂರುವ ಮೊದಲು ಅದರ ಫಲವನ್ನು ಒಂದು ಕಡತಕ್ಕೆ ತಿರುಗಿಸಿ, ಸಾಮಾನ್ಯ ಬರಹದ ಕಿಟಕಿಯಲ್ಲಿ ತೆರೆದು ನೋಡುವುದು ವಿವೇಕ. ಅಲ್ಲಿ ಸರಿಯಾಗಿದ್ದರೆ ದೋಷ ಟರ್ಮಿನಲ್ಲಿನದು.

‘ಕೊಟ್ಟೂರು’ವಿನ ಮೊದಲ ಅಕ್ಷರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಒತ್ವಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಖ್ಯೆಯುಂಟು. ಎತ್ವವನ್ನೂ ದೀರ್ಘ ಕೊಂಬನ್ನೂ ಒಂದರ ಹಿಂದೊಂದು ಇಟ್ಟರೂ ಅದೇ ರೂಪ ಬರುತ್ತದೆ, ಎರಡೂ ಸಮಾನವೆಂದು ಯೂನಿಕೋಡೇ ಹೇಳುತ್ತದೆ. ಕಣ್ಣಿಗೆ ಭೇದವಿಲ್ಲ, ಆದರೆ ಸಂಖ್ಯೆಗಳನ್ನಷ್ಟೇ ಹೋಲಿಸುವ ಸಿ ಪ್ರೋಗ್ರಾಮಿಗೆ ಇವು ಎರಡು ಬೇರೆ ಬೇರೆ ಊರುಗಳು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು.

ಪೆಟ್ಟಿಗೆಯ ಅಗಲದ ಬಗ್ಗೆ ಒಂದು ಮಾತು ಉಳಿದಿದೆ. ಅದು ಎಷ್ಟಿರಬೇಕೆಂದು ಸಿ ಭಾಷೆಯ ಶಾಸನ ಕಟ್ಟುಮಾಡಲಿಲ್ಲ. ಲಿನಕ್ಸಿನಲ್ಲಿ ನಾಲ್ಕು ಬೈಟಾದರೆ ವಿಂಡೋಸಿನಲ್ಲಿ ಎರಡೇ, ಅಂದರೆ 65,535ಕ್ಕೆ ಮೀರಿದ ಸಂಖ್ಯೆ ಒಂದು ಪೆಟ್ಟಿಗೆಯಲ್ಲಿ ಹಿಡಿಸದು. ಕನ್ನಡದ ಕೇರಿಗೆ ಇದರಿಂದ ಬಾಧೆಯಿಲ್ಲ. ಆದರೆ 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಗೆ ತುಳು-ತಿಗಳಾರಿ ಲಿಪಿ ಸೇರಿದಾಗ ಅದಕ್ಕೆ ದೊರೆತ ಕೇರಿ ಆರಂಭವಾಗುವುದು 70,528ರಲ್ಲಿ. ಕರಾವಳಿಯ ತಾಳೆಗರಿಯೊಂದರ ಅದೇ ಅಕ್ಷರವನ್ನು ಅದೇ ಡಬ್ಲ್ಯುಸಿಎಸ್‌ಲೆನ್‌ನಿಂದ ಎಣಿಸಿದರೆ ಲಿನಕ್ಸಿನಲ್ಲಿ ಉತ್ತರ 1, ವಿಂಡೋಸಿನಲ್ಲಿ 2.